ಆರು ಐವತ್ತೈದರ ನೀರಿನ ಸೂಚನೆ

ಮಾರ್ಚ್ ೩, ಬೆಳಿಗ್ಗೆ ೧೦

ಸಂಜೆ ಆರು ಐವತ್ತೈದರ ನೀರಿನ ಸೂಚನೆ ಸಿದ್ಧ. ಎರಡು ಪ್ರತಿ: ಒಂದು ಓದುವ ಹುಡುಗಿಗೆ, ಒಂದು ಫೈಲಿಗೆ. ಯಾವ ಪಂಪ್‌ಹೌಸಿನಿಂದ ಎಷ್ಟು ಹೊತ್ತಿಗೆ ನೀರು, ಕುಡಿಯಲು ಯೋಗ್ಯವೋ ಅಲ್ಲವೋ. ಕೋರ್ಟಿನ ಜಗಲಿಯಲ್ಲಿ ಮೂವತ್ತು ವರ್ಷ ಅರ್ಜಿ ಬರೆದು, ಈ ಸಾರ್ವಜನಿಕ ರೇಡಿಯೋ ಸೇರಿ ಹದಿನೆಂಟಾಯಿತು. ಕಾಟು ಹೊಡೆದು ತಿದ್ದಿದ ಪ್ರತಿಯನ್ನು ಒಂದು ದಿನವೂ ಕಳುಹಿಸಿದವನಲ್ಲ.

ಇಂದಿನಿಂದ ಸೂಚನೆಗೆ ಪ್ರಾಯೋಜಕರು... ನದಿಯ ಮೇಲ್ದಂಡೆಯ ಬಣ್ಣದ ಕಾರ್ಖಾನೆ. ಮೊದಲು ಅವರ ಸಂಗೀತ, ಆಮೇಲೆ ನಮ್ಮ ನೀರು. ಒಪ್ಪಂದಪತ್ರ ಬರೆದವನು ನಾನೇ. ನಿರ್ದೇಶಕರು ಓದಿ, "ಯಜಮಾನ್ರೇ, ಇದಕ್ಕೆ ಫ್ರೇಮ್ ಹಾಕಿಸ್ಬೇಕು" ಎಂದರು. ಬೀಗಿದೆ. ಸುಳ್ಳೇಕೆ?

ಮಾರ್ಚ್ ೧೧

ನೀರು ಪರೀಕ್ಷಿಸುವ ಲ್ಯಾಬಿನಿಂದ ಫೋನು. ಕೆಳಬೀದಿಯ ಪಂಪ್‌ಹೌಸಿನ ನೀರು ಕುಡಿಯಲು ಯೋಗ್ಯವಲ್ಲ, ಕುದಿಸಿದರೂ ಅಲ್ಲ. ಕೂಡಲೇ ಬರೆದೆ. ಸ್ಟುಡಿಯೋ ಬಾಗಿಲಲ್ಲಿ ಕಾರ್ಖಾನೆಯ ಪ್ರತಿನಿಧಿ ಹೆಂಗಸು. ಮೆದು ದನಿ. ಕೈಯಲ್ಲಿ ಒಪ್ಪಂದಪತ್ರ.

"ಇದು ನಿಮ್ಮ ಕೈಬರಹಾನೇ ಅಲ್ವಾ ಯಜಮಾನ್ರೇ? ಮುತ್ತು ಪೋಣಿಸಿದ ಹಾಗಿದೆ."

ಕೊನೆಯ ಸಾಲಿನ ಕೆಳಗೆ ಉಗುರಿಟ್ಟರು: 'ತಮ್ಮ ಪೂರ್ವಾನುಮತಿಯಿಲ್ಲದೆ ಒಂದಕ್ಷರವನ್ನೂ ಕೂಡಿಸದೆ, ಕಳೆಯದೆ, ತಮ್ಮ ಚಿತ್ತಾನುಸಾರ ನಡೆದುಕೊಳ್ಳಲು ಬದ್ಧರಾಗಿರುತ್ತೇವೆ.'

ಜಗಲಿಯ ಕಾಲದಿಂದ ಪ್ರತಿ ಅರ್ಜಿಯ ತುದಿಗೂ ಹಾಕುತ್ತಿದ್ದ ಸಾಲು. ಕೈ ತಾನಾಗಿಯೇ ಬರೆದುಬಿಟ್ಟಿತ್ತು. ಇಷ್ಟು ವರ್ಷ ಯಾವ ಸಾಹೇಬನೂ ಅದನ್ನು ಓದಿರಲಿಲ್ಲ. ಈಕೆ ಓದಿದ್ದಾರೆ.

"ಅನುಮತಿ ಕೊಡಿ, ತಾಯಿ."

"ಮೇಲಿನವರನ್ನ ಕೇಳ್ತೀನಿ. ಅಲ್ಲೀವರೆಗೂ 'ನೀರು ಎಂದಿನಂತೆ' ಅಂತ ಓದ್ಲಿ ಬಿಡಿ."

ಆರು ಐವತ್ತೈದಕ್ಕೆ ಹಾಗೆಯೇ ಓದಲಾಯಿತು.

ಮಾರ್ಚ್ ೧೨

ತಂಗಿಯ ಮನೆ ಕೆಳಬೀದಿಯಲ್ಲೇ. ನಿನ್ನೆಯೇ ಹೇಳಬೇಕಿತ್ತು. ಇಂದು ಅನುಮತಿ ಬಂದೀತು, ನನ್ನ ಬರಹವನ್ನು ರೇಡಿಯೋದಲ್ಲೇ ಕೇಳಲಿ ಎಂದುಕೊಂಡೆ. ಗರ್ವ.

ಬೆಳಿಗ್ಗೆ ಅವಳದೇ ಫೋನು. "ಅಣ್ಣಾ, ಮೊಮ್ಮಗೂಗೆ ರಾತ್ರಿಯಿಂದ ವಾಂತಿ. ನೀರಿನದೇ ಇರ್ಬೇಕು ಅಂದೆ. ಸೊಸೆ ಜಗಳಕ್ಕೇ ಬಂದ್ಲು, ನೀರು ಸರಿಯಾಗಿದೆ ಅಂತ ನಿಮ್ಮಣ್ಣನೇ ಬರೆದಿದ್ದಾರಲ್ಲ ಅಂತ."

"ನಲ್ಲಿ ನೀರು ಮುಟ್ಟಬೇಡಿ."

ಅತ್ತ ನಲ್ಲಿ ನಿಲ್ಲಿಸಿದ ಸದ್ದು.

"ನಿಂಗೆ ಗೊತ್ತಿತ್ತಾ?"

ಮಾರ್ಚ್ ೧೭

ಐದು ದಿನ ಈ ದಿನಚರಿ ಪುಸ್ತಕ ಮುಟ್ಟಲಿಲ್ಲ. ಅನುಮತಿ ಬಂದಿಲ್ಲ; ರೇಡಿಯೋದಲ್ಲಿ ದಿನವೂ 'ನೀರು ಎಂದಿನಂತೆ'. ಮಗು ಆಸ್ಪತ್ರೆಯಲ್ಲಿ. ಅದೇ ಬೀದಿಯ ಇನ್ನೂ ಆರು ಮಕ್ಕಳು, ಅದೇ ವಾರ್ಡು. ನಿನ್ನೆ ಪಕ್ಕದ ಹಾಸಿಗೆ ಖಾಲಿ. ಮನೆಗೆ ಹೋಯಿತೇ ಎಂದು ಕೇಳಿದೆ. ನರ್ಸ್ ಹೊದಿಕೆ ಮಡಚುತ್ತಲೇ ಇದ್ದಳು.

ನಿರ್ದೇಶಕರಿಗೆ ಮೂರು ಪುಟದ ಮನವಿ ಸಲ್ಲಿಸಿದೆ. ತೆರೆದೂ ನೋಡಲಿಲ್ಲ.

"ಉಣ್ಣೋ ತಟ್ಟೆಗೆ ಒದೀಬೇಡಿ ಯಜಮಾನ್ರೇ. ಅವರಿಲ್ದಿದ್ರೆ ಸ್ಟೇಷನ್ನೇ ಇಲ್ಲ."

ಬದಲಿಗೆ ಹೊಸ ಕರಡೊಂದನ್ನು ಮುಂದಿಟ್ಟರು. ಮುಂದಿನ ತಿಂಗಳಿಂದ 'ಆರೋಗ್ಯ ಸಮಯ' ಕಾರ್ಯಕ್ರಮಕ್ಕೂ ಅದೇ ಕಾರ್ಖಾನೆಯ ಪ್ರಾಯೋಜಕತ್ವ.

"ನಿಮ್ಮ ಆ ಕೊನೇ ಸಾಲು ಇದರಲ್ಲೂ ಇರ್ಲಿ. ಅವರಿಗೆ ತುಂಬಾ ಹಿಡಿಸಿದೆ."

ಕರಡನ್ನು ಅಲ್ಲೇ ಬಿಟ್ಟು ಎದ್ದೆ.

ಮಾರ್ಚ್ ೧೮, ಮಧ್ಯಾಹ್ನ ೨

ತಂಗಿಯ ಅಡುಗೆಮನೆ. ಬೀದಿಯಲ್ಲಿ ನಲವತ್ತು ಮನೆ, ನಲವತ್ತು ಪ್ರತಿ. ವಂದನೆ ಇಲ್ಲ, ಅರಿಕೆ ಇಲ್ಲ. 'ಈ ನೀರು ವಿಷ. ಕುಡಿಯಬೇಡಿ. ನನಗೆ ಏಳು ದಿನದಿಂದ ಗೊತ್ತಿತ್ತು.' ಕೆಳಗೆ ಸಹಿ. ಕೊನೆಯ ವಾಕ್ಯ ಬಿಡು ಎಂದು ತಂಗಿ ಹೇಳಲಿಲ್ಲ. ಬರುತ್ತಾಳೆ, ಕೈ ಚಾಚುತ್ತಾಳೆ, ಹಂಚಲು ಹೋಗುತ್ತಾಳೆ.

ಇಪ್ಪತ್ತಮೂರು ಮುಗಿಯಿತು. ಬೀದಿಯ ತುದಿಯಲ್ಲಿ ಗದ್ದಲ. ಹತ್ತಿರವಾಗುತ್ತಿದೆ. ಕಿಟಕಿಯಿಂದ ನೋಡಿದೆ... ಚೀಟಿ ಹಿಡಿದವರೇ. ಮುಂದೆ ಇರುವವನು ಆ ಖಾಲಿ ಹಾಸಿಗೆಯ ಮಗುವಿನ ತಂದೆ.

"ಎಲ್ಲಿ ಆ ಮುದುಕ?"

ತಂಗಿ ಓಡಿಬಂದು ಬಾಗಿಲ ಅಗುಳಿ ಹಾಕಹೋದಳು. ಬೇಡ ಎಂದೆ. ಇನ್ನೂ ಹದಿನೇಳು ಮನೆ—