ಬಾಟಲಿ ಬಾಯಿಯ ಹತ್ತಿ

ಯಲ್ಲದಕೆರೆ, ೧೯೭೭

ಅವ್ವ,

ನೀನು ಹೋಗಿ ಎಂಟು ತಿಂಗಳಾಯ್ತು. ಅಪ್ಪನ ಮೇಲೆ ಚಾಡಿ ಹೇಳೋಕೆ ನಿನ್ನ ಬಿಟ್ರೆ ನನಗೆ ಯಾರೂ ಇಲ್ಲ, ಅದಕ್ಕೇ ಬರೀತಿದೀನಿ.

ಇವತ್ತು ಅಣಬೆ ಬೀಜ ಮಾಡೋಕೆ ಜೋಳ ಅರೆಬೇಯಿಸಿ, ಆರು ಗ್ಲೂಕೋಸ್ ಬಾಟಲಿಗೆ ತುಂಬಿ, ಬಾಯಿಗೆ ಹತ್ತಿ ತುರುಕಿ, ಬೆಂಗಳೂರಿಂದ ತಂದ ದೊಡ್ಡ ಕುಕ್ಕರಿನಲ್ಲಿ ಎರಡು ಗಂಟೆ ಇಟ್ಟೆ. ಒಳಗೆ ಒಂದು ಕ್ರಿಮಿಯೂ ಉಳೀಬಾರದು, ಆಮೇಲೆ ಅಣಬೆ ಎಳೆ ಬಿಟ್ರೆ ಅದೊಂದೇ ಬೆಳೀಬೇಕು. ಸೀಟಿ ಕೇಳಿ ಪಕ್ಕದ ಮನೆ ನಾಗಕ್ಕ ಬಟ್ಟಲು ಹಿಡ್ಕೊಂಡು ಬಂದಳು, "ಏನಪ್ಪ ಯತ್ತಪ್ಪ, ಮರಿ ಕೊಯ್ದ್ರಾ?" ಅಂತ ನನ್ನ ಕೇಳ್ತಾ. ಬರೀ ಜೋಳ ಕಂಡು ಬೈಕೊಂಡು ಹೋದಳು.

ಬಾಟಲಿ ತಣ್ಣಗಾಗಲಿ ಅಂತ ಸ್ನಾನಕ್ಕೆ ಹೋಗಿ ಬರೋದ್ರೊಳಗೆ ಅಪ್ಪ ಎಲ್ಲಾ ಹತ್ತಿ ಕಿತ್ತು ಹಾಕಿ, ಒಂದೊಂದು ಬಾಟಲಿಗೂ ಬಾಯಿಟ್ಟು ಊದ್ತಿದ್ದ. ಆಗ ತಾನೇ ಹುಟ್ಟಿದ ಕುರಿಮರಿ ಉಸಿರಾಡದಿದ್ರೆ ಮೂಗಿಗೆ ಊದ್ತಾನಲ್ಲ, ಹಂಗೇ. ಬೀಡಿ ಹೊಗೆ ಸಮೇತ.

"ಇಡೀ ದಿನದ ಕೆಲಸ ಹಾಳಾಯ್ತಲ್ಲಪ್ಪ" ಅಂದೆ.

"ಹೆಣದ ಮೂಗಿಗೆ ಹತ್ತಿ ಇಟ್ಟಂಗೆ ಇಟ್ಟಿದೀಯಲ್ಲಲೇ. ನಿಮ್ಮವ್ವನಿಗೆ ಇಟ್ಟಾಗ ಸುಮ್ಕಿದ್ದೆ, ಈಗ್ಲೂ ಸುಮ್ಕಿರಬೇಕಾ?"

ನಿನಗೆ ಇಟ್ಟಿದ್ದು ನಾನು ನೋಡ್ಲಿಲ್ಲ. ಆಗ ಬೆಂಗಳೂರಲ್ಲಿ ಇದೇ ಬೀಜದ ಕೆಲಸ ಕಲೀತಿದ್ದೆ.

"ಹತ್ತಿ ಇಟ್ರೆ ಕ್ರಿಮಿ ಒಳಗೆ ಹೋಗಲ್ಲ, ಗಾಳಿ ಹೋಗ್ತೈತೆ. ಒಳಗಿರೋದು ಉಸಿರಾಡ್ತೈತಪ್ಪ" ಅಂದೆ.

ಅಪ್ಪ ಕಿತ್ತು ಹಾಕಿದ್ದ ಒಂದು ಹತ್ತಿ ಎತ್ಕೊಂಡ. ಆಮೇಲೆ, "ಅವಳಿಗೂ ಹಂಗೇನಾ?" ಅಂದ.

ಹೂಂ ಅಂದೆ.

ನಾಳೆ ಹೊಸ ಜೋಳ ತುಂಬ್ತೀವಿ. ಹತ್ತಿ ಅವನೇ ಇಡ್ತಾನಂತೆ. ನಾನು ಭಾಳ ಬಿಗಿಯಾಗಿ ತುರುಕ್ತೀನಂತೆ.