ಒಂದೇ ತಟ್ಟೆಯ ಗುಂಡುಗಳು

ಪ್ರೀತಿಯ ಪೂವಯ್ಯ ಅಂಕಲ್,

ಇದನ್ನು ಓದಿದರೆ ನೀವು ಮೊದಲು ಬೈಯುತ್ತೀರಿ. ಬೈಯಿರಿ, ಬೈಸಿಕೊಳ್ಳಲೆಂದೇ ಬರೆಯುತ್ತಿದ್ದೇನೆ.

ನೀವು ತೀರಿಹೋದ ಮೇಲೆ ಒಂದು ದಿನ ಆಸ್ಟಿನ್ ಪಕ್ಕದ ಲಿಯಾಂಡರಿನ ನಿಮ್ಮ ಮನೆಗೆ ಬಂದೆ. ಆಂಟಿ ನಿಮ್ಮ ಹಳೆಯ ರೈಫಲ್ ಎತ್ತಲು ಹೋಗಿ, ಆಪರೇಷನ್ ಆದ ಭುಜ ಹಿಡಿದುಕೊಂಡು ಕೂತಿದ್ದರು. "ಹಂದಿ ಬೇಟೆಗೆ ನಾನೂ ಬರ್ತೀನಿ ಕಣೇ ಸುಮಾ. ನಂಗೆ ಹಗುರವಾಗಿರೋದೊಂದು ನೋಡು," ಎಂದರು. ಮೂವತ್ತು ವರ್ಷ ನಿಮ್ಮ ಬೇಟೆಗೆ ಬುತ್ತಿ ಕಟ್ಟಿದವರು. ಒಮ್ಮೆಯಾದರೂ ಕರೆದಿದ್ದಿರಾ ಅಂಕಲ್?

ಆಸ್ಟಿನ್ನಿನ ಅಂಗಡಿಯಲ್ಲಿ ಎರಡು ಗಂಟೆ ಅಂಗಡಿಯವನ ತಲೆ ತಿಂದೆ. ಆಂಟಿಗೆ ತೆಳ್ಳನೆ ಗುಂಡಿನ .223 ಸೆಮಿ ಆಟೊಮ್ಯಾಟಿಕ್ ರೈಫಲ್. ಹಗುರ, ಭುಜಕ್ಕೆ ಒದೆತ ಕಡಿಮೆ. ಹಂದಿಗೆ ಅದು ಸಣ್ಣದಾಯಿತು ಅನ್ನುತ್ತೀರಿ, ಗೊತ್ತು. ಹತ್ತಿರದಿಂದ ಮಾತ್ರ ಹೊಡೆಯಬೇಕೆಂದು ಆಂಟಿಯನ್ನು ಒಪ್ಪಿಸಿದ್ದೆ. ನನಗೆ .300 ಬ್ಲ್ಯಾಕೌಟ್, ದಪ್ಪ ಗುಂಡಿನದು. ಎರಡಕ್ಕೂ ಗುಂಡು ತುಂಬುವ ಒಂದೇ ಬಗೆಯ ಮ್ಯಾಗಜಿನ್ ಕೂರುತ್ತದೆ, ಎಷ್ಟು ಅನುಕೂಲ ಎಂದು ಬೀಗಿದೆ. ದಪ್ಪ ಗುಂಡು ಅಪ್ಪಿತಪ್ಪಿ .223ಗೆ ಹೋದರೆ ರೈಫಲ್ಲೇ ಸಿಡಿಯುತ್ತದೆ ಎಂದು ಅಂಗಡಿಯವನು ಎರಡು ಸಲ ಹೇಳಿದ. "ಐ ನೋ, ಐ ನೋ," ಅಂದೆ.

ಕೈಲ್ ಮುಹೂರ್ತದ ದಿನ ನಿಮ್ಮ ಕೊಡವರ ಪದ್ಧತಿಯಂತೆ ಕೋವಿಗಳಿಗೆ ಪೂಜೆ ಇಟ್ಟೆವು. ಮೈಸೂರಿನವಳು ನಾನು, ಪೂಜೆ ಎಂದರೆ ತಟ್ಟೆ ತುಂಬಿ ಕಾಣಬೇಕು. ಎರಡೂ ಡಬ್ಬಿಯ ಗುಂಡುಗಳನ್ನು ಒಂದೇ ಹಿತ್ತಾಳೆ ತಟ್ಟೆಗೆ ಸುರಿದು, ಕುಂಕುಮ ಹಚ್ಚಿ, ಹೂ ಏರಿಸಿದೆ. ಫೋಟೊ ಡಾಲಸ್, ಹ್ಯೂಸ್ಟನ್ನಿನ ನಮ್ಮವರಿಗೆಲ್ಲ ಹೋಯಿತು. ಮರುದಿನದ ಬೇಟೆಗೆ ಪೂಜೆಯ ಗುಂಡುಗಳೇ ಇರಲಿ ಎಂದು ಮ್ಯಾಗಜಿನ್ ತುಂಬಿದವಳೂ ನಾನೇ. ಆಂಟಿಯ ಜೊತೆ ಹರಟುತ್ತಾ ತುಂಬಿದೆ.

ಬೆಳಗಿನ ಏಳು ಗಂಟೆಗೆ ಹೊಲದಂಚಿನ ಮರೆಯಲ್ಲಿ ಕೂತಿದ್ದೆವು. ಹಂದಿಗಳು ಹೊರಬಂದವು. ಆಂಟಿ ಕೆನ್ನೆ ಒರಗಿಸಿ ಗುರಿ ಹಿಡಿದರು. ನಾನು ನನ್ನ ಮ್ಯಾಗಜಿನ್ ಎತ್ತಿಕೊಂಡೆ. ಅದರ ಮೇಲಿನ ಗುಂಡು ತೆಳ್ಳಗಿತ್ತು. ಅದು ಆಂಟಿಯದು. ಹಾಗಾದರೆ ನನ್ನದು...

"ಆಂಟೀ, ಬೇಡ! ಬೆರಳು ತೆಗೀರಿ!"

ಹಂದಿಗಳು ದಿಕ್ಕಾಪಾಲಾದವು. ಅವರ ರೈಫಲ್ಲಿನ ಗುಂಡುಗಳನ್ನು ಒಂದೊಂದಾಗಿ ಹೊರತೆಗೆದೆ. ಮೊದಲನೆಯದು ಸರಿಯಾದ ಗುಂಡೇ. ಎರಡನೆಯದು ದಪ್ಪನೆಯದು. ಸೆಮಿ ಆಟೊಮ್ಯಾಟಿಕ್ ಅಲ್ಲವೇ ಅಂಕಲ್, ಒಂದು ಹೊಡೆದೊಡನೆ ಅದು ತಾನಾಗಿಯೇ ನಳಿಗೆಗೆ ಏರುತ್ತಿತ್ತು. "ಹಂದಿಗಳ ಹಿಂದೆ ಹಸು ಕಾಣ್ತು ಆಂಟಿ," ಎಂದು ಸುಳ್ಳು ಹೇಳಿ ಆ ದಪ್ಪ ಗುಂಡನ್ನು ಜೇಬಿಗೆ ಹಾಕಿಕೊಂಡೆ.

ಬ್ಲ್ಯಾಕೌಟನ್ನು ಆ ವಾರವೇ ಮಾರಿ ನಾನೂ .223 ತೆಗೆದುಕೊಂಡೆ. ಆದರೆ ಆಂಟಿ ಕಂಡವರಿಗೆಲ್ಲ "ಸುಮಾ ನನ್ನ ಹಂದಿ ಓಡಿಸಿಬಿಟ್ಳು" ಎಂದು ನಗುವಾಗ ನನಗೆ ಊಟ ಸೇರುತ್ತಿರಲಿಲ್ಲ. ಭಯಕ್ಕಿಂತ ನಾಚಿಕೆಯೇ ಹೆಚ್ಚು ಸುಟ್ಟಿತು.

ಇವತ್ತು ಆ ಗುಂಡನ್ನು ಊಟದ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಆಂಟಿ ಅಂದು ರೈಫಲ್ಲಿಗೆ ಒರಗಿಸಿದ್ದ ಬಲಗೆನ್ನೆ ಮುಟ್ಟಿಕೊಂಡರು. ಆಮೇಲೆ, "ಅವರಿದ್ದಿದ್ರೆ ನಿನ್ ಕೈಗೆ ಇನ್ನೊಂದ್ಸಲ ಕೋವಿ ಕೊಡ್ತಿರ್ಲಿಲ್ಲ," ಎಂದರು. ಗುಂಡನ್ನು ತಮ್ಮತ್ತ ಎಳೆದುಕೊಂಡರು.

"ನಾನು ಕೊಡ್ತೀನಿ. ಆದ್ರೆ ಇನ್ಮೇಲೆ ಗುಂಡು ತುಂಬೋಳು ನಾನು. ನಿಂದೂ, ನಂದೂ."

ನಾಳೆ ಮತ್ತೆ ಹೊರಡುತ್ತೇವೆ ಅಂಕಲ್. ನಿಮ್ಮ ಕುರ್ಚಿಯಲ್ಲಿ ಕೂತು ಆಂಟಿ ಮ್ಯಾಗಜಿನ್ ತುಂಬುತ್ತಿದ್ದಾರೆ, ಒಂದೊಂದು ಗುಂಡನ್ನೂ ಬೆಳಕಿಗೆ ಹಿಡಿದು ನೋಡಿ. ನನಗೆ ಮುಟ್ಟಲು ಬಿಡುತ್ತಿಲ್ಲ.

ನಿಮ್ಮ,
ಸುಮಾ