ಆ ಎಲೆಯ ಕಷಾಯ ಮತ್ತು ನಿನ್ನ ಅಪ್ಪ

ನನ್ನ ತಮ್ಮನ ಮಗಳೇ,

ಮೊನ್ನೆ ನೀನು ಫೋನ್ ಮಾಡಿದೆ. ನಿನ್ನ ದನಿ ಕೇಳಿದ್ದೇ ಅದು ಮೊದಲು. ಕೇಳಿದ ಮೊದಲ ಮಾತೇ "ಅತ್ತೆ, ಅಪ್ಪ ಡ್ರಗ್ಸ್ ತಗೊಂಡು ಸತ್ರಂತೆ, ಹೌದಾ? ಅಮ್ಮ ಹಾರ್ಟ್ ಅಟ್ಯಾಕ್ ಅಂತಾರೆ." ಕಾಲೇಜಿನಲ್ಲಿ ಯಾರೋ ಹಳೆಯ ಸುದ್ದಿಯೊಂದನ್ನು ತೋರಿಸಿದರಂತೆ. ಬರೆದು ಹೇಳುತ್ತೇನೆ ಅಂದು ಫೋನ್ ಇಟ್ಟೆ. ಬರೆಯುತ್ತಿದ್ದೇನೆ.

ನಿನ್ನ ಅಪ್ಪ ರೈಲು ಓಡಿಸುತ್ತಿದ್ದ. ಇಂಜಿನ್ನಿನ ಮಾತು ಬಂದರೆ ಅವನನ್ನು ಹಿಡಿಯುವವರಿರಲಿಲ್ಲ. ಊಟದ ತಟ್ಟೆಯ ಮುಂದೆ ಕೂತು ಚಮಚಗಳನ್ನೇ ಹಳಿ ಮಾಡಿ ತಿರುವುಗಳನ್ನು ತೋರಿಸುತ್ತಿದ್ದ. ನಿನ್ನ ಅಮ್ಮ ಬಸುರಿಯಾದ ಹೊಸತರಲ್ಲಿ, ಒಂದು ಬೆಳಿಗ್ಗೆ, ಅವನ ಗಾಡಿಯ ಮುಂದೆ ಒಬ್ಬ ಮನುಷ್ಯ ಬಂದು ನಿಂತ. ಬ್ರೇಕ್ ಹಾಕಿದ ಕೂಡಲೇ ನಿಲ್ಲುವುದಕ್ಕೆ ರೈಲೇನು ಸೈಕಲ್ಲೇ? ಯಾರೂ ಇವನ ಮೇಲೆ ತಪ್ಪು ಹೊರಿಸಲಿಲ್ಲ. ಆದರೆ ಮನೆಗೆ ಬಂದವನು ನನ್ನ ಹತ್ತಿರ ಒಂದೇ ಮಾತು ಹೇಳುತ್ತಿದ್ದ: "ಅವನು ನನ್ನ ಮುಖ ನೋಡ್ದ ಅಕ್ಕ." ಆಮೇಲೆ ಅವನಿಗೆ ಕಣ್ಣು ಮುಚ್ಚುವುದೆಂದರೇ ಭಯವಾಯಿತು. ಸವೆದು ಸವೆದು ಬಟ್ಟೆ ನೇತುಹಾಕಿದ ಗೂಟದಂತಾದ. ನಿನ್ನ ಅಮ್ಮ ಪಕ್ಕದಲ್ಲಿ ಕೂತು ಅವನ ಬೆನ್ನು ಸವರುತ್ತಿದ್ದಳು.

ಅವನ ಜೊತೆಯ ಗಾರ್ಡ್ ಒಬ್ಬರು ಅವನನ್ನು ಮೇಷ್ಟ್ರ ಹತ್ತಿರ ಕರೆದುಕೊಂಡು ಹೋದರು. ಮೇಷ್ಟ್ರು ಒಂದು ಕಾಲಕ್ಕೆ ಸಸ್ಯಶಾಸ್ತ್ರ ಕಲಿಸುತ್ತಿದ್ದವರು. ಊರಾಚೆಯ ಮನೆಯ ಹಿಂದೆ ಗಾಜಿನ ಚಾವಣಿ ಹಾಕಿ ದೂರದ ಕಾಡುಗಳ ಗಿಡ ಬೆಳೆಸಿದ್ದರು. ಒಂದು ಗಿಡದ ಎಲೆ, ಒಂದು ಬಳ್ಳಿಯ ಕಾಂಡ, ಎರಡನ್ನೂ ಕುದಿಸಿ ನೊಂದವರಿಗೆ ಕುಡಿಸುತ್ತಿದ್ದರು. ಕಾನೂನು ಅದನ್ನು ಒಪ್ಪುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ಹೋಗುವವರಿಗೂ ಗೊತ್ತಿತ್ತು.

ಆ ಎಲೆಯಲ್ಲಿರುವುದಕ್ಕೆ ಡಿಎಂಟಿ ಅನ್ನುತ್ತಾರೆ. ಲೋಕದ ಎಷ್ಟೋ ಗಿಡಗಳಲ್ಲಿ, ಕೆಲವು ಹುಲ್ಲುಗಳಲ್ಲಿ, ಜಾಲಿ ಜಾತಿಯ ಕೆಲವು ಮರಗಳ ತೊಗಟೆಯಲ್ಲಿ ಅದು ತಾನಾಗಿಯೇ ಇರುತ್ತದಂತೆ. ಬರೀ ಎಲೆಯನ್ನು ಕುದಿಸಿ ಕುಡಿದರೆ ಹೊಟ್ಟೆಯೇ ಅದನ್ನು ಮುರಿದುಹಾಕುತ್ತದೆ, ಏನೂ ಆಗುವುದಿಲ್ಲ. ಬಳ್ಳಿ ಆ ಮುರಿಯುವ ಕೆಲಸವನ್ನು ತಡೆಯುತ್ತದೆ. ಆಗ ಕಣ್ಣು ಮುಚ್ಚಿದವನಿಗೆ ಬೇರೆಯೇ ಲೋಕ ತೆರೆದುಕೊಳ್ಳುತ್ತದೆ. ಇದೆಲ್ಲ ನಾನು ಆಮೇಲೆ ಡಾಕ್ಟರರಿಂದ ತಿಳಿದುಕೊಂಡದ್ದು. ಆಗ ಎಲ್ಲರಿಗೂ ಅದು ಬರೀ ಕಷಾಯ.

ಮೊದಲ ಸಲ ಕುಡಿದು ಬಂದವನು ನಮ್ಮ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಅತ್ತ. ತುಂಬ ವಾಂತಿಯಾಯಿತಂತೆ, ಹೆದರಿದನಂತೆ. ಕೊನೆಗೆ ಹಳಿಯ ಮೇಲಿನ ಆ ಮನುಷ್ಯ ಮುಖ ತಿರುಗಿಸಿ, ನಡೆದುಕೊಂಡು ಹೋಗಿಬಿಟ್ಟನಂತೆ. ಅವತ್ತು ನಿನ್ನ ಅಪ್ಪ ನಮ್ಮ ಮನೆಯ ಚಾಪೆಯ ಮೇಲೆ ಮಗುವಿನ ಹಾಗೆ ನಿದ್ದೆ ಹೋದ. ಇದನ್ನೂ ನೀನು ತಿಳಿದಿರಬೇಕು. ಆ ಕಷಾಯ ಅವನಿಗೆ ಕೆಲವು ವಾರ ಅವನ ಜೀವವನ್ನು ಮರಳಿ ಕೊಟ್ಟಿತ್ತು.

ಆಮೇಲೆ ಕಣ್ಣು ಮುಚ್ಚಿದರೆ ಆ ಮನುಷ್ಯ ಮತ್ತೆ ಬರತೊಡಗಿದ. ಈ ನಡುವೆ ರೈಲ್ವೆ ಡಾಕ್ಟರು ನಿನ್ನ ಅಪ್ಪನಿಗೆ ಮನಸ್ಸು ಕುಗ್ಗದಂತೆ ಮಾತ್ರೆ ಶುರು ಮಾಡಿದ್ದರು. ಅದು ಹಿಡಿಯುವುದಕ್ಕೆ ಸಮಯ ಬೇಕು ಎಂದಿದ್ದರು. ಇವನಿಗೆ ಸಮಯವಿರಲಿಲ್ಲ. ಯಾರಿಗೂ ಹೇಳದೆ ಮತ್ತೆ ಮೇಷ್ಟ್ರ ಮನೆಗೆ ಹೋದ. ಆ ಬಳ್ಳಿ, ಆ ಮಾತ್ರೆ ಎರಡೂ ಒಂದೇ ಮೈಯಲ್ಲಿ ಸೇರಬಾರದಂತೆ. ಸೇರಿದವು. ಮೈ ಕೆಂಡವಾಯಿತು, ಕೈಕಾಲು ಸೆಟೆದವು. ಮೇಷ್ಟ್ರು ಇಳಿಯುತ್ತದೆ, ಇಳಿಯುತ್ತದೆ ಅಂದುಕೊಂಡು ಒದ್ದೆ ಬಟ್ಟೆ ಹಾಕುತ್ತ ಕೂತರು. ಆಂಬ್ಯುಲೆನ್ಸಿಗೆ ಫೋನ್ ಮಾಡುವಷ್ಟರಲ್ಲಿ ತುಂಬ ತಡವಾಗಿತ್ತು.

ನಾನು ಎಕ್ಸ್‌-ರೇ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದ ಆಸ್ಪತ್ರೆಗೇ ಅವನನ್ನು ತಂದರು. ಸುದ್ದಿ ಕೇಳಿ ಓಡಿದೆ. ಸ್ಟ್ರೆಚರಿನ ಕಂಬಿ ಹಿಡಿದು ಬಗ್ಗಿದಾಗ ಅವನಿಗೆ ಒಂದು ಗಳಿಗೆ ನನ್ನ ಗುರುತು ಸಿಕ್ಕಿತು. "ಮೇಷ್ಟ್ರು ಕೇಳಿದ್ರು ಅಕ್ಕ, ಮಾತ್ರೆ ತಗೋತೀಯಾ ಅಂತ. ನಾನೇ ಇಲ್ಲ ಅಂದೆ," ಅಂದ. ಇನ್ನೂ ಏನೋ ಹೇಳಿದ, ಅದನ್ನು ಕೊನೆಗೆ ಬರೆಯುತ್ತೇನೆ. ನಿನ್ನ ಅಮ್ಮ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವನ ಬೂಟು, ಅಂಗಿ ತರಲು ನಾನೇ ಮೇಷ್ಟ್ರ ಮನೆಗೆ ಹೋದೆ. ಪೊಲೀಸರು ಗಾಜಿನ ಮನೆಯ ಬಾಗಿಲು ತೆರೆದು ಗಿಡ ತೋರಿಸಿದರು. ಕಾಫಿ ಗಿಡದಂಥ ಹೊಳೆಯುವ ಎಲೆ. ಮೂಸಿದೆ. ಹಸಿ ಸೊಪ್ಪಿನ ವಾಸನೆ, ಅಷ್ಟೆ. ಕಿತ್ತು ಬಿಸಾಡಬೇಕೆನ್ನಿಸಿತು. ಕೈ ಬರಲಿಲ್ಲ.

ಕೋರ್ಟಿನಲ್ಲಿ ಮೇಷ್ಟ್ರು, "ಮಾತ್ರೆಯ ಬಗ್ಗೆ ನಾನು ಕೇಳಿದ್ದೆ, ಅವರೇ ಇಲ್ಲ ಅಂದರು" ಎಂದರು. ಅದಕ್ಕೆ ಸಾಕ್ಷಿ ಯಾರೂ ಇರಲಿಲ್ಲ, ನನ್ನೊಬ್ಬಳನ್ನು ಬಿಟ್ಟು. ಮಾತ್ರೆಯ ಆ ಮಾತನ್ನು ನಾನು ನಿನ್ನ ಅಮ್ಮನಿಗೆ ಹೇಳಿದ್ದೆ. ಅವಳು ಹಿಂದಿನ ದಿನ ನನ್ನ ಎರಡೂ ಕೈ ಹಿಡಿದುಕೊಂಡು, "ಅತ್ತಿಗೆ, ನೀವು ಸುಮ್ನಿದ್ರೆ ಸಾಕು. ಸುಳ್ಳು ಹೇಳಿ ಅಂತಿಲ್ಲ," ಅಂದಿದ್ದಳು. ಏಳು ತಿಂಗಳ ಹೊಟ್ಟೆ ಅವಳದು. ಆದರೆ ವಕೀಲರು ನನ್ನನ್ನೇ ನೇರ ಕೇಳಿಬಿಟ್ಟರು. ಮೇಷ್ಟ್ರು ಕೇಳಿದ್ದು ನಿಜ, ಆಸ್ಪತ್ರೆಗೆ ಕಳಿಸಲು ತಡ ಮಾಡಿದ್ದೂ ನಿಜ ಅಂದೆ. ಮುಂದೆ ಅವರಿಗೆ ಶಿಕ್ಷೆಯಾಯಿತು, ಎಲ್ಲರೂ ನಿರೀಕ್ಷಿಸಿದ್ದಕ್ಕಿಂತ ಕಡಿಮೆ. ನಿನ್ನ ಅಮ್ಮ ನಾನು ಸಾಕ್ಷಿ ಹೇಳಿದ ದಿನ ಕೋರ್ಟಿನ ಮೆಟ್ಟಿಲಿಳಿದು ಹೋದವಳು ಮತ್ತೆ ನನ್ನ ಕಡೆ ತಿರುಗಿ ನೋಡಲಿಲ್ಲ. ಗಂಡನನ್ನೂ ಕಳೆದುಕೊಂಡು, ತಪ್ಪನ್ನೂ ಅವನ ತಲೆಗೆ ಕಟ್ಟಿಸಿಕೊಂಡವಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ನಾನು ಹೇಳಿದ್ದಕ್ಕೆ ಪಶ್ಚಾತ್ತಾಪವೂ ಇಲ್ಲ. ಎರಡನ್ನೂ ಒಟ್ಟಿಗೆ ಹೊತ್ತುಕೊಂಡು ಇಷ್ಟು ವರ್ಷ ಬದುಕಿದ್ದೇನೆ.

ಸ್ಟ್ರೆಚರಿನ ಮೇಲೆ ಅವನು ಹೇಳಿದ ಇನ್ನೊಂದು ಮಾತನ್ನು ವಕೀಲರು ಕೇಳಲಿಲ್ಲ. ಬಸುರಿಯ ಎದೆ ಒಡೆಯಬಾರದೆಂದು ಆಗ ನಿನ್ನ ಅಮ್ಮನಿಗೂ ಹೇಳಲಿಲ್ಲ; ಆಮೇಲೆ ಹೇಳೋಣವೆಂದರೆ ಅವಳು ಬಾಗಿಲು ತೆರೆಯಲಿಲ್ಲ. "ಮಗು ಬರೋ ಹೊತ್ತಿಗೆ ಸರಿಹೋಗ್ಬೇಕಿತ್ತು ಅಕ್ಕ. ಈ ಮುಖ ಇಟ್ಕೊಂಡು ಅದನ್ನ ಹೇಗೆ ಎತ್ಕೊಳ್ಲಿ?"

ಇದನ್ನು ನಿನ್ನ ತಲೆಯ ಮೇಲಿನ ಹೊರೆ ಮಾಡಿಕೊಳ್ಳಬೇಡ. ನಿನ್ನಿಂದಾಗಿ ಅವನು ಸಾಯಲಿಲ್ಲ. ನಿನ್ನನ್ನು ಎತ್ತಿಕೊಳ್ಳುವ ಆಸೆಯಲ್ಲಿದ್ದಾಗ ಸತ್ತ. ಅವು ಬೇರೆ ಬೇರೆ. ಮೋಜಿಗೆ ಕುಡಿದವನಲ್ಲ ನಿನ್ನ ಅಪ್ಪ.

ಈ ಪತ್ರವನ್ನು ಅಮ್ಮನಿಂದ ಮುಚ್ಚಿಡಬೇಡ. ಅವಳು ಹರಿದುಹಾಕಿದರೆ ಹಾಕಲಿ. ಆದರೆ ಅವನ ಆ ಕೊನೆಯ ಮಾತನ್ನು ಮಾತ್ರ ನಿನ್ನ ಬಾಯಿಂದ ಓದಿ ಹೇಳು. ಅದು ಅವಳಿಗೆ ಸೇರಬೇಕಾದದ್ದು.

ಬಾಳಿ ಬದುಕು, ಮಗಳೇ. ನಿನ್ನ ಆಯುಸ್ಸು ಗಟ್ಟಿಯಾಗಿರಲಿ.

ನಿನ್ನನ್ನು ಇನ್ನೂ ಕಣ್ಣಾರೆ ಕಾಣದ
ಸೋದರತ್ತೆ